ಕಳೆಯಲೂ ಬಾರದು, ಕದಿಯಲೂ ಬಾರದು

ಮಕ್ಕಳೇ, ಈ ವಾರದ ಪ್ರಶ್ನೆ ನಿಮಗೂ ನಿಮ್ಮ ಅಜ್ಜ-ಅಜ್ಜಿಗೂ ಒಟ್ಟಿಗೆ. ಒಂದು ಪೆನ್ಸಿಲ್ಲು, ಒಂದು ಹಾಳೆ ತಂದು ಅವರ ಪಕ್ಕ ಕೂತುಕೊಳ್ಳಿ.

ನಿಮ್ಮ ಮನೆಯಲ್ಲಿ ಒಂದು ಮುಖ್ಯವಾದ ಕಾಗದ ಇದೆ. ಅದು ಯಾವತ್ತೂ ಕಳೆದುಹೋಗಬಾರದು. ಮನೆಯವರನ್ನು ಬಿಟ್ಟು ಬೇರೆ ಯಾರೂ ಅದನ್ನು ಓದಲೂ ಬಾರದು. ಎಲ್ಲಿ ಇಡುತ್ತೀರಿ?

ಅಜ್ಜಿಯ ಉತ್ತರ ನನಗೆ ಗೊತ್ತು. ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ! ಒಳ್ಳೆಯ ಜಾಗವೇ. ಕಳ್ಳನಿಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ಗೆದ್ದಲಿಗೆ ಸಿಗುತ್ತದೆ, ಸೋರುವ ಮಾಡಿಗೆ ಸಿಗುತ್ತದೆ. ಇಟ್ಟ ಜಾಗ ಅಜ್ಜಿಗೇ ಮರೆತುಹೋದರಂತೂ ಯಾರಿಗೂ ಸಿಗುವುದಿಲ್ಲ.

ಮೊಮ್ಮಗನ ಉತ್ತರವೂ ಗೊತ್ತು. "ಹತ್ತು ಜೆರಾಕ್ಸ್ ಮಾಡಿಸಿ ಹತ್ತು ಜನ ನೆಂಟರ ಮನೆಯಲ್ಲಿ ಇಟ್ಟರಾಯಿತು." ಇದೂ ಒಳ್ಳೆಯ ಉಪಾಯವೇ. ಹತ್ತು ಮನೆಗಳಲ್ಲಿ ಒಂದೇ ದಿನ ನೀರು ನುಗ್ಗುವುದಿಲ್ಲ. ಆದರೆ ಗುಟ್ಟು ತಿಳಿಯಬೇಕೆನ್ನುವವನಿಗೆ ಹತ್ತು ಪ್ರತಿಯೂ ಬೇಕಾಗಿಲ್ಲ. ಹತ್ತು ಮನೆಗಳಲ್ಲಿ ಒಂದು ಮನೆಯ ಬೀರು ತೆರೆದಿದ್ದರೆ ಸಾಕು.

ಅಲ್ಲಿಗೆ ಒಂದು ಮಾತು ತಿಳಿಯಿತು. ಪ್ರತಿಗಳು ಹೆಚ್ಚಾದಷ್ಟೂ ಕಳೆಯುವ ಭಯ ಕಡಿಮೆ, ಬಯಲಾಗುವ ಭಯ ಹೆಚ್ಚು. ತಕ್ಕಡಿಯ ಒಂದು ತಟ್ಟೆ ಕೆಳಗಿಳಿದರೆ ಇನ್ನೊಂದು ಮೇಲೇರಿದ ಹಾಗೆ.

ಇದು ಟ್ರಂಕಿನ ಕಾಗದದ ಕಥೆ ಮಾತ್ರವಲ್ಲ. ಅಪ್ಪನ ಫೋನಿನಲ್ಲಿರುವ ಫೋಟೋ, ಅಕ್ಕನ ಅಂಕಪಟ್ಟಿ, ಅಜ್ಜನ ಆಸ್ಪತ್ರೆಯ ವರದಿ ಎಲ್ಲವೂ ಈಗ ‘ಕ್ಲೌಡ್’ನಲ್ಲಿ ಇವೆ ಎನ್ನುತ್ತೇವೆ. ಹೆಸರು ಮೋಡವಾದರೂ ಅದು ಆಕಾಶದಲ್ಲಿಲ್ಲ. ಭೂಮಿಯ ಮೇಲೆಯೇ, ದೊಡ್ಡ ದೊಡ್ಡ ಕಟ್ಟಡಗಳಲ್ಲಿ, ಸಾಲು ಸಾಲು ಕಪಾಟುಗಳಲ್ಲಿ ಜೋಡಿಸಿಟ್ಟ ಕಂಪ್ಯೂಟರುಗಳಲ್ಲಿದೆ. ಅವಕ್ಕೂ ಬೆಂಕಿ ತಗಲುತ್ತದೆ, ಅವೂ ಕೆಡುತ್ತವೆ, ಅಲ್ಲಿಗೂ ಕಳ್ಳರು ಬರುತ್ತಾರೆ. ಕಳೆಯದ ಹಾಗೂ ಇಡಬೇಕು, ಬಯಲಾಗದ ಹಾಗೂ ಇಡಬೇಕು ಎನ್ನುವ ಅಜ್ಜಿಯ ತಲೆನೋವು ಅವುಗಳನ್ನು ಕಟ್ಟಿದ ಎಂಜಿನಿಯರುಗಳಿಗೂ ಇದೆ. ಅವರು ಕಂಡುಕೊಂಡ ಉಪಾಯ ಬಹಳ ಚೆನ್ನಾಗಿದೆ. ಅದಕ್ಕೆ ಬೇಕಾದ ಗಣಿತ ನಿಮ್ಮ ಶಾಲೆಯ ಕೂಡುವ, ಕಳೆಯುವ ಲೆಕ್ಕದಿಂದಲೇ ಶುರುವಾಗುತ್ತದೆ.

ಸಾವಿರ ಪ್ರತಿ

ಮೊದಲು ಕಳೆಯದಂತೆ ಇಡುವ ವಿಚಾರ.

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಶಾಲೆಯಲ್ಲಿ ಓದಿರುತ್ತೀರಿ. ಸುಮಾರು ಸಾವಿರ ವರ್ಷದ ಹಿಂದೆ ಇದ್ದವಳು. ರನ್ನ ಕವಿ ‘ಅಜಿತಪುರಾಣ’ ಬರೆದದ್ದು ಆಕೆಯ ಆಶ್ರಯದಲ್ಲಿ. ಪೊನ್ನ ಕವಿಯ ‘ಶಾಂತಿಪುರಾಣ’ ಅಳಿದುಹೋಗಬಾರದೆಂದು ಆಕೆ ಅದರ 1000 ಪ್ರತಿ ಬರೆಸಿ ಹಂಚಿದಳು. ಆಗ ಅಚ್ಚಿನ ಯಂತ್ರವಿಲ್ಲ, ಜೆರಾಕ್ಸ್ ಇಲ್ಲ. ತಾಳೆಗರಿಯ ಮೇಲೆ ಕಂಠದಿಂದ ಒಂದೊಂದೇ ಅಕ್ಷರ ಕೊರೆಯಬೇಕು. ತಾಳೆಗರಿಗೆ ಹುಳು ಹಿಡಿಯುತ್ತದೆ, ನೀರು ತಗಲಿದರೆ ಹಾಳಾಗುತ್ತದೆ. ಆದರೆ ಸಾವಿರ ಊರಿನ ಸಾವಿರ ಕಟ್ಟುಗಳಿಗೆ ಒಟ್ಟಿಗೆ ಹುಳು ಹಿಡಿಯುವುದಿಲ್ಲ. ‘ಶಾಂತಿಪುರಾಣ’ ಇವತ್ತಿಗೂ ನಮ್ಮ ಕೈಯಲ್ಲಿದೆ.

ಕಂಪ್ಯೂಟರಿನವರು ಮೊದಲು ಹಿಡಿದದ್ದೂ ಇದೇ ದಾರಿ. ಗೂಗಲ್‌ನವರು 2003ರಲ್ಲಿ ತಮ್ಮ ಸಂಗ್ರಹ ವ್ಯವಸ್ಥೆಯ ವಿವರ ಪ್ರಕಟಿಸಿದರು. ಅದರಲ್ಲಿ ಪ್ರತಿಯೊಂದು ತುಣುಕಿಗೂ ಸಾಮಾನ್ಯವಾಗಿ ಮೂರು ಪ್ರತಿ, ಮೂರೂ ಬೇರೆ ಬೇರೆ ಯಂತ್ರಗಳಲ್ಲಿ. ಒಂದು ಯಂತ್ರ ಕೆಟ್ಟರೆ ಉಳಿದೆರಡನ್ನು ನೋಡಿ ಮೂರನೆಯದನ್ನು ಮತ್ತೆ ಮಾಡಿಕೊಳ್ಳುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಒಂದು, ಪ್ರತಿಗಳು ದೂರ ದೂರ ಇರಬೇಕು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒವಿಎಚ್ ಎಂಬ ಕಂಪನಿಯ ಇಂಥ ಕಟ್ಟಡವೊಂದು 2021ರ ಮಾರ್ಚ್ 10ರಂದು ಪೂರ್ತಿ ಸುಟ್ಟುಹೋಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಆದರೆ ಮೂಲವನ್ನೂ ಪ್ರತಿಯನ್ನೂ ಅದೇ ಜಾಗದಲ್ಲಿ ಇಟ್ಟುಕೊಂಡಿದ್ದವರು ಎರಡನ್ನೂ ಕಳೆದುಕೊಂಡರು. ‘ರಸ್ಟ್’ ಎಂಬ ಕಂಪ್ಯೂಟರ್ ಆಟ ಕೆಲವರಿಗೆ ಗೊತ್ತಿರಬಹುದು. ಯುರೋಪಿನ ಎಷ್ಟೋ ಹುಡುಗರು ಆ ಆಟದಲ್ಲಿ ಕಟ್ಟಿದ್ದೆಲ್ಲ ಆ ಬೆಂಕಿಯಲ್ಲಿ ಹೋಯಿತು. ಮನೆಯ ಎರಡು ಬೀಗದ ಕೈಗಳನ್ನೂ ಒಂದೇ ಗೊಂಚಲಿಗೆ ಹಾಕಿಕೊಂಡು ಹೋಗಿ ಬಸ್ಸಿನಲ್ಲಿ ಬಿಟ್ಟುಬಂದ ಹಾಗೆ.

ಎರಡನೆಯದು, ಪ್ರತಿ ಸರಿಯಾಗಿದೆಯೇ ಎಂದು ಆಗಾಗ ತೆರೆದು ನೋಡಬೇಕು. ‘ಟಾಯ್ ಸ್ಟೋರಿ 2’ ಸಿನಿಮಾ ನೋಡಿದ್ದೀರಲ್ಲ? ಅದು ತಯಾರಾಗುತ್ತಿದ್ದಾಗ, 1998ರಲ್ಲಿ, ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಕಂಪ್ಯೂಟರಿನಲ್ಲಿದ್ದ ಚಿತ್ರದ ಕಡತಗಳು ಒಂದೊಂದಾಗಿ ಅಳಿಸಿಹೋದವು. "ಚಿಂತೆಯಿಲ್ಲ, ಪ್ರತಿ ಇದೆ" ಎಂದು ಟೇಪು ತೆಗೆದರೆ ಅದರಲ್ಲಿ ನಕಲು ಸರಿಯಾಗಿ ಆಗಿರಲೇ ಇಲ್ಲ! ಗ್ಯಾಲಿನ್ ಸುಸ್ಮನ್ ಎಂಬ ಅಧಿಕಾರಿ ಆಗಷ್ಟೇ ಮಗುವಿನ ತಾಯಿಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದಕ್ಕೆ ಕಂಬಳಿ ಸುತ್ತಿ, ಕಾರಿನಲ್ಲಿ ಮೆಲ್ಲಗೆ ತಂದರು. ಬಾಣಂತಿಯ ಮನೆಯ ಒಂದು ಯಂತ್ರ ಇಡೀ ಸಿನಿಮಾವನ್ನು ಉಳಿಸಿತು.

ಲೆಡ್ಜರಿನ ಕೊನೆಯ ಸಾಲು

ಪ್ರತಿ ಮಾಡುವುದರಲ್ಲಿ ಒಂದು ಕಷ್ಟ ಇದೆ. ಮೂರು ಪ್ರತಿ ಎಂದರೆ ಮೂರು ಪಟ್ಟು ಜಾಗ, ಮೂರು ಪಟ್ಟು ಖರ್ಚು. ಇದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲವೇ?

ಬ್ಯಾಂಕಿನಲ್ಲಿ ಕಂಪ್ಯೂಟರ್ ಬರುವುದಕ್ಕೆ ಮೊದಲು ನಾವು ದಪ್ಪ ದಪ್ಪ ಲೆಡ್ಜರುಗಳಲ್ಲಿ ಕೈಯಿಂದ ಲೆಕ್ಕ ಬರೆಯುತ್ತಿದ್ದೆವು. ಪುಟದ ಕೊನೆಯ ಸಾಲಿನಲ್ಲಿ ಒಟ್ಟು ಮೊತ್ತ. ಪುಟದ ಮೇಲೆ ಶಾಯಿ ಚೆಲ್ಲಿ ಒಂದು ಅಂಕಿ ಕಾಣದಂತಾಯಿತು ಎನ್ನಿ. ಗಾಬರಿ ಬೇಕಿಲ್ಲ. ಕಾಣುವ ಅಂಕಿಗಳನ್ನು ಕೂಡಿ ಮೊತ್ತದಿಂದ ಕಳೆದರೆ ಕಾಣದ ಅಂಕಿ ಸಿಕ್ಕಿತು.

ಈಗ ಹಾಳೆ ತೆಗೆಯಿರಿ. 14 ಮತ್ತು 9 ಎಂಬ ಎರಡು ಸಂಖ್ಯೆ ಉಳಿಸಬೇಕು. ಮೊದಲ ಚೀಟಿಯಲ್ಲಿ 14, ಎರಡನೆಯದರಲ್ಲಿ 9, ಮೂರನೆಯದರಲ್ಲಿ ಮೊತ್ತ 23. ಮೂರರಲ್ಲಿ ಯಾವ ಒಂದು ಚೀಟಿ ಹರಿದುಹೋದರೂ ಉಳಿದೆರಡರಿಂದ ಅದನ್ನು ಮತ್ತೆ ಬರೆಯಬಹುದು. ಎರಡು ಸಂಖ್ಯೆಗೂ ಬೇರೆ ಬೇರೆ ನಕಲು ಮಾಡಿದ್ದರೆ ನಾಲ್ಕು ಚೀಟಿ ಬೇಕಿತ್ತು. ಇಲ್ಲಿ ಮೂರಕ್ಕೇ ಮುಗಿಯಿತು.

ಒಂದು ಮೊತ್ತ ಇದ್ದರೆ ಕಳೆದ ಒಂದು ಅಂಕಿಯನ್ನು ಹುಡುಕಬಹುದು. ಬೇರೆ ಬೇರೆ ಬಗೆಯಲ್ಲಿ ಕೂಡಿದ ನಾಲ್ಕು ಮೊತ್ತ ಇಟ್ಟರೆ ಕಳೆದ ನಾಲ್ಕು ಅಂಕಿಗಳನ್ನು ಹುಡುಕಬಹುದು. ಇದನ್ನು ಅಚ್ಚುಕಟ್ಟಾಗಿ ಮಾಡುವ ಕ್ರಮವನ್ನು 1960ರಲ್ಲಿ ತೋರಿಸಿದವರು ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್. ಅವರ ಗಣಿತ ನಿಮ್ಮ ಬೀದಿಯಲ್ಲೇ ಇದೆ. ತರಕಾರಿ ಗಾಡಿಗೆ ಅಂಟಿಸಿದ ಕ್ಯೂಆರ್ ಚೀಟಿಯನ್ನು ನೋಡಿ. ಮೂಲೆ ಹರಿದಿರುತ್ತದೆ, ಟೊಮೆಟೊ ರಸ ಬಿದ್ದಿರುತ್ತದೆ. ಆದರೂ ಫೋನು ಹಿಡಿದರೆ ಬಹಳ ಸಲ ಓದುತ್ತದೆ. ಏಕೆಂದರೆ ಆ ಚೌಕದೊಳಗೆ ವಿಷಯದ ಜೊತೆಗೆ ರೀಡ್-ಸಾಲೊಮನ್ ಮೊತ್ತಗಳೂ ಇವೆ. ಎಲ್ಲಕ್ಕಿಂತ ಗಟ್ಟಿಯಾದ ಬಗೆಯ ಕ್ಯೂಆರ್‌ನಲ್ಲಿ ಸುಮಾರು 30 ಶೇಕಡಾ ಹಾಳಾದರೂ ಓದಲು ಬರುತ್ತದೆ.

ಫೇಸ್‌ಬುಕ್‌ನವರು ತಮ್ಮ ಹಳೆಯ ಫೋಟೋಗಳನ್ನು ಇಡುವ ವ್ಯವಸ್ಥೆಯ ಬಗ್ಗೆ 2014ರಲ್ಲಿ ಬರೆದರು. ಅಲ್ಲಿಯೂ ಇದೇ ಲೆಕ್ಕ. ಹತ್ತು ತುಣುಕು, ಅದರ ಜೊತೆಗೆ ನಾಲ್ಕು ‘ಮೊತ್ತ’, ಒಟ್ಟು 14. ಅವನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತಾರೆ. ಹದಿನಾಲ್ಕರಲ್ಲಿ ಯಾವ ಹತ್ತು ಉಳಿದರೂ ಎಲ್ಲವೂ ವಾಪಸು. ಮೂರು ಪ್ರತಿ ಮಾಡಿದ್ದರೆ ಮೂರು ಪಟ್ಟು ಜಾಗ ಬೇಕು, ಎರಡು ನಷ್ಟವನ್ನಷ್ಟೇ ತಡೆಯಬಹುದು. ಇಲ್ಲಿ ಒಂದೂವರೆ ಪಟ್ಟಿಗೂ ಕಡಿಮೆ ಜಾಗ, ಆದರೆ ನಾಲ್ಕು ನಷ್ಟ ತಡೆಯಬಹುದು. ಬಿಕಾಂ ಓದಿದ ನನಗೆ ಈ ಲೆಕ್ಕ ಕಂಡಾಗ ಆದ ಸಂತೋಷವನ್ನು ಹೇಳಲಾರೆ!

ಅರ್ಧ ಹೇಳಿದರೂ ಗುಟ್ಟು ಗುಟ್ಟೇ?

ಕಳೆಯದಂತೆ ಇಡುವುದೇನೋ ಆಯಿತು. ಬಯಲಾಗದಂತೆ ಇಡುವುದು? ಮೇಲಿನ ಆಟದಲ್ಲಿ ಮೊದಲ ಚೀಟಿ ಸಿಕ್ಕವನಿಗೆ 14 ಎಂಬುದು ನೇರವಾಗಿ ಗೊತ್ತಾಗಿಬಿಟ್ಟಿತಲ್ಲ!

"ತುಂಡು ಮಾಡಿ ಹಂಚಿದರೆ ಸಾಲದೇ? ಅರ್ಧ ಅಣ್ಣನಿಗೆ, ಅರ್ಧ ತಂಗಿಗೆ" ಎನ್ನಬಹುದು. ಲೆಕ್ಕ ಹಾಕಿ ನೋಡೋಣ. ಪೆಟ್ಟಿಗೆಗೆ ನಾಲ್ಕು ಅಂಕಿಯ ನಂಬರ್ ಬೀಗ ಇದೆ, ಗುಟ್ಟಿನ ಸಂಖ್ಯೆ 4719. ಏನೂ ಗೊತ್ತಿಲ್ಲದವನು 0000ದಿಂದ 9999ರವರೆಗೆ 10,000 ಸಲ ಪ್ರಯತ್ನಿಸಬೇಕಾಗಬಹುದು. ಅಣ್ಣನಿಗೆ 47, ತಂಗಿಗೆ 19 ಎಂದು ಹಂಚಿದಿರಿ. ಈಗ ಅಣ್ಣನಿಗೆ ಉಳಿದದ್ದು ಎರಡೇ ಅಂಕಿ. ಹೆಚ್ಚೆಂದರೆ 100 ಪ್ರಯತ್ನ. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದಾಗ ಕೂತರೆ ಪೆಟ್ಟಿಗೆಯ ಚಕ್ಕುಲಿ ಖಾಲಿ.

ಬ್ಯಾಂಕಿನ ಲಾಕರ್ ನೆನಪಿಸಿಕೊಳ್ಳಿ. ಅದನ್ನು ತೆರೆಯಲು ಅಜ್ಜಿಯ ಕೀಲಿಯೂ ಬೇಕು, ಬ್ಯಾಂಕಿನವರ ಕೀಲಿಯೂ ಬೇಕು. ಹಣ ಇಡುವ ಸ್ಟ್ರಾಂಗ್ ರೂಮಿಗೂ ಹಾಗೆಯೇ ಇಬ್ಬರ ಕೀಲಿ. ಒಂದು ಕ್ಯಾಷಿಯರ್ ಬಳಿ, ಇನ್ನೊಂದು ಮ್ಯಾನೇಜರ್ ಅಥವಾ ಅಕೌಂಟೆಂಟ್ ಬಳಿ. ಒಬ್ಬರು ಅರ್ಧ ಬಾಗಿಲು ತೆರೆಯುವುದಿಲ್ಲ. ಒಬ್ಬರೇ ಇದ್ದರೆ ಬಾಗಿಲು ಅಲುಗುವುದೇ ಇಲ್ಲ. ಗುಟ್ಟನ್ನು ಹಂಚಿದರೂ ಹೀಗೆಯೇ ಇರಬೇಕು. ಒಂದು ಪಾಲು ಸಿಕ್ಕವನಿಗೆ ಅರ್ಧ ಗುಟ್ಟಲ್ಲ, ಏನೂ ತಿಳಿಯಬಾರದು.

ಇದನ್ನು ಚೀಟಿಯಲ್ಲಿ ಮಾಡಬಹುದು. ಕಣ್ಣು ಮುಚ್ಚಿ ಮನಸ್ಸಿಗೆ ಬಂದ ನಾಲ್ಕು ಅಂಕಿ ಬರೆಯಿರಿ: 8260. ಇದು ಮೊದಲ ಚೀಟಿ. ಇದಕ್ಕೆ ಏನು ಕೂಡಿದರೆ 4719 ಬರುತ್ತದೋ ಅದು ಎರಡನೆಯ ಚೀಟಿ. ಆದರೆ ಒಂದೊಂದು ಅಂಕಿಯನ್ನು ಬೇರೆ ಬೇರೆಯಾಗಿ ಕೂಡಿ, ದಶಕವನ್ನು ಬಿಟ್ಟುಬಿಡಿ. 8ಕ್ಕೆ 6 ಕೂಡಿದರೆ 14, ದಶಕ ಬಿಟ್ಟರೆ 4. 2ಕ್ಕೆ 5 ಕೂಡಿದರೆ 7. 6ಕ್ಕೆ 5 ಕೂಡಿದರೆ 11, ಅದರಲ್ಲಿ 1. 0ಗೆ 9 ಕೂಡಿದರೆ 9. ಎರಡನೆಯ ಚೀಟಿ 6559.

8260 ಮಾತ್ರ ಸಿಕ್ಕವನಿಗೆ ಏನು ಗೊತ್ತಾಯಿತು? ಏನೂ ಇಲ್ಲ. ಗುಟ್ಟು ಇನ್ನೂ 10,000ದಲ್ಲಿ ಯಾವುದೂ ಆಗಿರಬಹುದು. 6559 ಮಾತ್ರ ಸಿಕ್ಕವನ ಪಾಡೂ ಅದೇ. ಇಬ್ಬರೂ ಕೂತು ಕೂಡಿದರೆ ಮಾತ್ರ ಪೆಟ್ಟಿಗೆ ತೆರೆಯುತ್ತದೆ.

ಆದರೆ ಒಂದು ಚೀಟಿ ಕಳೆದರೆ? ಪೆಟ್ಟಿಗೆ ಯಾವತ್ತೂ ತೆರೆಯುವುದಿಲ್ಲ. ಗುಟ್ಟು ಗಟ್ಟಿಯಾಯಿತು, ಕಳೆಯುವ ಭಯ ಮತ್ತೆ ಬಂತು. ಬ್ಯಾಂಕುಗಳು ಇದಕ್ಕೂ ಒಂದು ದಾರಿ ಮಾಡಿಕೊಂಡಿವೆ. ಎರಡು ಕೀಲಿಗಳಿಗೂ ಡೂಪ್ಲಿಕೇಟ್ ಮಾಡಿಸಿ, ಲಕೋಟೆಗೆ ಹಾಕಿ ಮೊಹರು ಮಾಡಿ, ಬೇರೆ ಶಾಖೆಯಲ್ಲಿ ಇಡುತ್ತಾರೆ. ಕಂಪ್ಯೂಟರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು.

ಮೂವರಲ್ಲಿ ಯಾರಾದರೂ ಇಬ್ಬರು

ಅಜ್ಜಿ ಉಪ್ಪಿನಕಾಯಿ ಕಪಾಟಿಗೆ ಬೀಗ ಹಾಕಬೇಕು. ಮೂವರು ಮೊಮ್ಮಕ್ಕಳಲ್ಲಿ ಯಾರಾದರೂ ಇಬ್ಬರು ಒಟ್ಟಿಗೆ ಬಂದರೆ ತೆರೆಯಬೇಕು, ಒಬ್ಬರೇ ಬಂದರೆ ತೆರೆಯಬಾರದು. ಹೇಗೆ? ಸ್ವಲ್ಪ ಯೋಚಿಸಿ, ಆಮೇಲೆ ಮುಂದೆ ಓದಿ.

ಉತ್ತರ: ಮೂರು ಬೀಗ ಹಾಕಬೇಕು. ಮೊದಲ ಬೀಗದ ಕೀಲಿ ದೊಡ್ಡವನಿಗೂ ನಡುವಿನವಳಿಗೂ. ಎರಡನೆಯದರ ಕೀಲಿ ನಡುವಿನವಳಿಗೂ ಚಿಕ್ಕವನಿಗೂ. ಮೂರನೆಯದು ಚಿಕ್ಕವನಿಗೂ ದೊಡ್ಡವನಿಗೂ. ಪ್ರತಿಯೊಬ್ಬರ ಹತ್ತಿರವೂ ಎರಡು ಕೀಲಿ ಇದೆ, ಒಂದು ಬೀಗದ್ದು ಇಲ್ಲ. ಯಾರಾದರೂ ಇಬ್ಬರು ಸೇರಿದರೆ ಮೂರೂ ಬೀಗ ತೆರೆಯುತ್ತವೆ.

ಮೂವರಿಗೆ ಸರಿ. ಆದರೆ 11 ವಿಜ್ಞಾನಿಗಳಿದ್ದು ಅವರಲ್ಲಿ ಯಾವ 6 ಮಂದಿ ಬಂದರೂ ಕಪಾಟು ತೆರೆಯಬೇಕು, ಐವರಿಗೆ ತೆರೆಯಬಾರದು ಎಂದರೆ? ಲೆಕ್ಕ ಮಾಡಿದರೆ ಕಡಿಮೆಯೆಂದರೂ 462 ಬೀಗ, ಒಬ್ಬೊಬ್ಬರ ಸೊಂಟದಲ್ಲಿ 252 ಕೀಲಿ ಬೇಕು! ಕೀಲಿಯ ಭಾರಕ್ಕೇ ವಿಜ್ಞಾನಿಗಳ ಸೊಂಟ ಹಿಡಿದುಕೊಂಡೀತು.

ಈ ಲೆಕ್ಕವನ್ನು ಹೇಳಿ, ಇದಕ್ಕೆ ಬೀಗವೇ ಬೇಡ, ಚೀಟಿ ಸಾಕು ಎಂದು 1979ರಲ್ಲಿ ತೋರಿಸಿದವರು ಇಸ್ರೇಲಿನ ಆದಿ ಶಮೀರ್. ಅದೇ ವರ್ಷ ಅಮೆರಿಕದ ಜಾರ್ಜ್ ಬ್ಲೇಕ್ಲಿ ಬೇರೊಂದು ದಾರಿಯಲ್ಲಿ ಅದೇ ಉತ್ತರ ಕಂಡುಕೊಂಡರು. ಶಮೀರರ ಉಪಾಯ ಇದು.

ಗುಟ್ಟು 12 ಎನ್ನಿ. ಮನಸ್ಸಿಗೆ ಬಂದ ಒಂದು ಹೆಜ್ಜೆ ಆರಿಸಿಕೊಳ್ಳಿ, 5. ಈಗ 12ರಿಂದ ಹೊರಟು ಐದೈದೇ ಕೂಡುತ್ತಾ ಹೋಗಿ: 17, 22, 27. ಮೊದಲ ಚೀಟಿ 17, ಎರಡನೆಯದು 22, ಮೂರನೆಯದು 27. ಚೀಟಿಯ ಮೇಲೆ ಅದು ಎಷ್ಟನೆಯದು ಎಂದೂ ಬರೆಯಿರಿ. 12ನ್ನೂ 5ನ್ನೂ ಅಳಿಸಿಬಿಡಿ.

ಮೊದಲ ಮತ್ತು ಎರಡನೆಯ ಚೀಟಿ ಸಿಕ್ಕರೆ, 17 ಮತ್ತು 22ರ ನಡುವೆ ಹೆಜ್ಜೆ 5. ಒಂದು ಹೆಜ್ಜೆ ಹಿಂದಕ್ಕೆ ಹೋದರೆ 12. ಎರಡನೆಯ ಚೀಟಿ ಕಳೆದಿದೆಯೇ? ಮೊದಲನೆಯದು ಮತ್ತು ಮೂರನೆಯದು ನೋಡಿ. 17ರಿಂದ 27ಕ್ಕೆ ಎರಡು ಹೆಜ್ಜೆಯಲ್ಲಿ 10, ಅಂದರೆ ಹೆಜ್ಜೆಗೆ 5. ಮತ್ತೆ 12. ಯಾವ ಎರಡು ಇದ್ದರೂ ಉತ್ತರ ಬಂತು. ಒಂದೇ ಇದ್ದರೆ ಹೆಜ್ಜೆ ಎಷ್ಟು ಎಂದೇ ಗೊತ್ತಿಲ್ಲ, ಹಿಂದಕ್ಕೆ ಹೋಗುವುದು ಹೇಗೆ?

ಜಾಣ ಮಕ್ಕಳು ಇಲ್ಲಿ ಒಂದು ತಕರಾರು ತೆಗೆಯುತ್ತಾರೆ. "17 ಸಿಕ್ಕರೆ ಗುಟ್ಟು 17ಕ್ಕಿಂತ ಚಿಕ್ಕದು ಎಂದಾದರೂ ಗೊತ್ತಾಗುತ್ತದಲ್ಲ?" ಸರಿಯಾದ ಮಾತು. ಅದಕ್ಕೇ ಶಮೀರ್ ಗಡಿಯಾರದ ಲೆಕ್ಕ ಬಳಸಿದರು. ಗಡಿಯಾರದಲ್ಲಿ 11 ಗಂಟೆಗೆ 3 ಗಂಟೆ ಕೂಡಿದರೆ 14 ಅಲ್ಲ, 2 ಗಂಟೆ. ಮುಳ್ಳು 2ರಲ್ಲಿ ನಿಂತಿದೆ ಎಂದ ಮಾತ್ರಕ್ಕೆ ಎಲ್ಲಿಂದ ಹೊರಟಿತು ಎಂದು ಹೇಳಲಾಗದು. ಅವರ ಗಡಿಯಾರದಲ್ಲಿ ಹನ್ನೆರಡರ ಬದಲು ಬಹಳ ದೊಡ್ಡದೊಂದು ಅವಿಭಾಜ್ಯ ಸಂಖ್ಯೆಯಷ್ಟು ಗಂಟೆಗಳಿರುತ್ತವೆ. ಆಗ ಒಂದು ಚೀಟಿಯಿಂದ ಸಾಸಿವೆಯಷ್ಟು ಸುಳಿವೂ ಸಿಗುವುದಿಲ್ಲ. ಇಬ್ಬರ ಬದಲು ಆರು ಜನ ಬೇಕೆಂದರೆ ನೇರ ಹೆಜ್ಜೆಯ ಬದಲು ಬಾಗಿದ ಗೆರೆ ಬಳಸುತ್ತಾರೆ. ಹನ್ನೊಂದು ವಿಜ್ಞಾನಿಗಳಿಗೆ ಹನ್ನೊಂದೇ ಚೀಟಿ ಸಾಕು.

ಇದು ಬರೀ ಪುಸ್ತಕದ ಗಣಿತವಲ್ಲ. ನೀವು ಯಾವುದಾದರೂ ಜಾಲತಾಣದ ಹೆಸರು ಒತ್ತಿದಾಗ, ಆ ಹೆಸರಿನ ಕಂಪ್ಯೂಟರ್ ಎಲ್ಲಿದೆ ಎಂದು ಹುಡುಕಿಕೊಡುವ ಒಂದು ಡೈರೆಕ್ಟರಿ ಇಂಟರ್ನೆಟ್ಟಿಗೆ ಇದೆ. ಆ ಡೈರೆಕ್ಟರಿಯ ಬುಡಕ್ಕೆ 2010ರಿಂದ ಮೋಸ ಮಾಡಲಾಗದಂಥ ಒಂದು ಮೊಹರು ಹಾಕುತ್ತಾರೆ. ಮೊಹರಿನ ಗುಟ್ಟಿನ ಕೀಲಿ ಅಮೆರಿಕದ ಎರಡು ತುದಿಯ ಎರಡು ಊರುಗಳಲ್ಲಿ ಭದ್ರವಾಗಿದೆ. ಎರಡೂ ಕಡೆಯ ಯಂತ್ರಗಳು ಹಾಳಾದರೆ? ಆಗ ಕೀಲಿಯನ್ನು ಮರಳಿ ಪಡೆಯಲು ಬೇಕಾದ ಗುಟ್ಟನ್ನು ಏಳು ಪಾಲು ಮಾಡಿ, ಬೇರೆ ಬೇರೆ ದೇಶಗಳ ಏಳು ಮಂದಿಗೆ ಕೊಟ್ಟರು. ಏಳರಲ್ಲಿ ಐವರು ಸೇರಬೇಕು. ಇಬ್ಬರ ಪಾಲು ಕಳೆದುಹೋದರೂ ಕೆಲಸ ನಡೆಯುತ್ತದೆ. ನಾಲ್ವರು ಕೆಟ್ಟವರಾದರೂ ಏನೂ ನಡೆಯುವುದಿಲ್ಲ.

ಎಲ್ಲವನ್ನೂ ಸೇರಿಸಿದರೆ

ಶಮೀರರ ಚೀಟಿಗೆ ಒಂದೇ ಒಂದು ತೊಂದರೆ. ಒಂದೊಂದು ಚೀಟಿಯೂ ಮೂಲದ ಗುಟ್ಟಿನಷ್ಟೇ ದೊಡ್ಡದಿರಬೇಕು. ಗುಟ್ಟು ನಾಲ್ಕು ಅಂಕಿಯಾದರೆ ಪರವಾಗಿಲ್ಲ. ಮದುವೆಯ ಇಡೀ ವಿಡಿಯೋ ಆದರೆ ಏಳು ಪಾಲಿಗೆ ಏಳು ವಿಡಿಯೋದಷ್ಟು ಜಾಗ ಬೇಕು.

ಅದಕ್ಕೆ 1993ರಲ್ಲಿ ಹ್ಯೂಗೊ ಕ್ರಾವ್ಚಿಕ್ ಎಂಬ ವಿಜ್ಞಾನಿ ಎರಡು ಉಪಾಯಗಳನ್ನು ಜೋಡಿಸಿದರು. ಮೊದಲು ವಿಡಿಯೋವನ್ನು ಗಣಿತದ ಬೀಗ ಹಾಕಿ ಯಾರಿಗೂ ಅರ್ಥವಾಗದ ಹಾಗೆ ಮಾಡುವುದು. ಬೀಗ ಹಾಕಿದ ಆ ದೊಡ್ಡ ಗಂಟನ್ನು ಲೆಡ್ಜರಿನ ಮೊತ್ತದ ಕ್ರಮದಲ್ಲಿ ತುಣುಕು ಮಾಡಿ ಹಂಚುವುದು. ತುಣುಕು ಯಾರ ಕೈಗೆ ಸಿಕ್ಕರೂ ಓದಲು ಬರುವುದಿಲ್ಲ, ಕೆಲವು ಕಳೆದರೂ ನಷ್ಟವಿಲ್ಲ. ಇನ್ನು ಉಳಿದದ್ದು ಚಿಕ್ಕ ಕೀಲಿ. ಅದನ್ನು ಮಾತ್ರ ಶಮೀರರ ಚೀಟಿಯಂತೆ ಹಂಚುವುದು. ಗಂಟು ದೊಡ್ಡದು, ಅದಕ್ಕೆ ಅಗ್ಗದ ಉಪಾಯ. ಕೀಲಿ ಚಿಕ್ಕದು, ಅದಕ್ಕೆ ಗಟ್ಟಿ ಉಪಾಯ. ತಕ್ಕಡಿಯ ಎರಡು ತಟ್ಟೆಯೂ ಸಮವಾಯಿತು ನೋಡಿ.

ಈಗ ಹಿರಿಯರಿಗೆ ಎರಡು ಮಾತು

ನಮ್ಮ ವಯಸ್ಸಿನವರಿಗೆ ಇದರಲ್ಲಿ ಏನಿದೆ ಎಂದು ಕೇಳಬೇಡಿ. ನಮಗೇ ಹೆಚ್ಚು ಇದೆ.

ಸೇವೆಯಲ್ಲಿದ್ದಾಗ ಕೌಂಟರಿನ ಆಚೆ ಬದಿಯಲ್ಲಿ ಇಂಥವರನ್ನು ಮತ್ತೆ ಮತ್ತೆ ಕಂಡಿದ್ದೇನೆ. ಮನೆಯ ಯಜಮಾನರು ಹೋಗಿ ಇಪ್ಪತ್ತು ದಿನವಾಗಿರುತ್ತದೆ. ಹೆಂಡತಿಯ ಕೈಯಲ್ಲಿ ಒಂದು ಹಳೆಯ ಪಾಸ್‌ಬುಕ್ಕು. "ಇನ್ನೂ ಎಲ್ಲೆಲ್ಲಿ ಇಟ್ಟಿದ್ದರೋ ಗೊತ್ತಿಲ್ಲ ಸಾರ್. ಅವರು ಏನೂ ಹೇಳುತ್ತಿರಲಿಲ್ಲ" ಎನ್ನುತ್ತಾರೆ. ಅವರು ದುಡ್ಡು ಉಳಿಸಿದ್ದು ಹೆಂಡತಿ ಮಕ್ಕಳಿಗಾಗಿಯೇ. ಆದರೆ ಎಲ್ಲಿದೆ ಎಂಬುದು ಒಬ್ಬರ ತಲೆಯಲ್ಲಿ ಮಾತ್ರ ಇತ್ತು. ಒಂದೇ ಪ್ರತಿ. ಆ ಪ್ರತಿ ಅವರ ಜೊತೆಗೇ ಹೋಯಿತು.

ಹತ್ತು ವರ್ಷ ಯಾರೂ ಮುಟ್ಟದ ಠೇವಣಿಗಳು 2014ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತಿವೆ. ವಾರಸುದಾರರು ಕೇಳಿದರೆ ಬ್ಯಾಂಕಿನ ಮೂಲಕ ವಾಪಸು ಸಿಗುತ್ತದೆ. ಹುಡುಕಲು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನೂ ತೆರೆದರು. ಆದರೆ ಹುಡುಕಬೇಕೆಂದು ಮನೆಯವರಿಗೆ ತೋಚಬೇಕಲ್ಲ!

ಹಾಗಾಗಿ ನಾಲ್ಕು ಕೆಲಸ ಮಾಡಿ.

ಒಂದು, ಯಾವ ಬ್ಯಾಂಕು, ಯಾವ ವಿಮೆ, ಯಾವ ಕಾಗದ ಎಲ್ಲಿದೆ ಎಂದು ಪಟ್ಟಿ ಬರೆಯಿರಿ. ಅದರಲ್ಲಿ ಪಾಸ್‌ವರ್ಡು ಬೇಡ. ಪಟ್ಟಿ ಇರುವ ಜಾಗ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ಎಲ್ಲ ಖಾತೆಗೂ ನಾಮನಿರ್ದೇಶನ ಇದೆಯೇ ನೋಡಿಕೊಳ್ಳಿ.

ಎರಡು, ಮನೆಯ ಫೋಟೋಗಳಿಗೆ ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ 3-2-1 ಸೂತ್ರ ಹಿಡಿಯಿರಿ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಫೋನಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಿನ ಮಗಳ ಮನೆಯಲ್ಲೋ ಕ್ಲೌಡ್‌ನಲ್ಲೋ ಒಂದು.

ಮೂರು, ಆಯುಧಪೂಜೆಯ ದಿನ ಕಂಪ್ಯೂಟರಿಗೂ ಹಾರ್ಡ್ ಡಿಸ್ಕಿಗೂ ಕುಂಕುಮ ಇಡುತ್ತೀರಲ್ಲ, ಅದಕ್ಕೆ ಮೊದಲು ಹಾರ್ಡ್ ಡಿಸ್ಕ್ ತೆರೆದು ನಾಲ್ಕು ಫೋಟೋ ನೋಡಿ. ಮೊಮ್ಮಕ್ಕಳ ನಾಮಕರಣದ ಚಿತ್ರ ನೋಡಿದ ಹಾಗೂ ಆಯಿತು, ಪ್ರತಿ ಸರಿಯಾಗಿದೆ ಎಂದು ತಿಳಿದ ಹಾಗೂ ಆಯಿತು.

ನಾಲ್ಕು, ನಂಬರ್ ಬೀಗದ ಪೆಟ್ಟಿಗೆಯ ಸಂಖ್ಯೆಯಂಥ ಮನೆಯ ಗುಟ್ಟಿಗೆ 8260, 6559ರ ಆಟ ಆಡಿ. ಒಂದು ಚೀಟಿ ಮಗನಿಗೆ, ಇನ್ನೊಂದು ಮಗಳಿಗೆ. ಒಂದೊಂದಕ್ಕೂ ಮೊಹರು ಮಾಡಿದ ನಕಲು ಬೇರೆ ಬೇರೆ ಮನೆಯಲ್ಲಿರಲಿ. ಎರಡೂ ಒಂದೇ ಮನೆಗೆ ಸೇರಬಾರದು. ಬ್ಯಾಂಕಿನ ಪಿನ್, ಒಟಿಪಿಗಳಿಗೆ ಮಾತ್ರ ಈ ಆಟ ಬೇಡ. ಅವನ್ನು ಯಾರಿಗೂ, ಯಾವ ರೀತಿಯಲ್ಲೂ ಕೊಡಬಾರದು. ನೀವು ಇಲ್ಲದಾಗ ಮನೆಯವರಿಗೆ ಹಣ ಸಿಗಲು ನಾಮನಿರ್ದೇಶನ ಇದೆ, ಪಿನ್ ಬೇಕಾಗಿಲ್ಲ.

ಇಡೀ ಗುಟ್ಟನ್ನು ಒಬ್ಬರ ತಲೆಗೆ ಹೊರಿಸಬೇಡಿ, ಎಲ್ಲರ ಬಾಯಿಗೂ ಹಾಕಬೇಡಿ. ನಂಬಿಕಸ್ಥರಲ್ಲಿ ಪಾಲು ಮಾಡಿ. ಕಂಪ್ಯೂಟರಿನ ದೊಡ್ಡ ದೊಡ್ಡ ಕಟ್ಟಡಗಳು ನಡೆಯುವುದೂ ಇದೇ ಬುದ್ಧಿಯಿಂದ.

ಈ ವಾರದ ಲೆಕ್ಕ: ಶಮೀರರ ಕ್ರಮದಲ್ಲಿ ಮೂರು ಚೀಟಿ ಮಾಡಿದ್ದೇನೆ, ಗಡಿಯಾರವಿಲ್ಲದೆ. ಮೊದಲ ಚೀಟಿಯಲ್ಲಿ 31 ಇದೆ. ಎರಡನೆಯದನ್ನು ಇಲಿ ತಿಂದಿದೆ. ಮೂರನೆಯದರಲ್ಲಿ 45 ಇದೆ. ನನ್ನ ಗುಟ್ಟಿನ ಸಂಖ್ಯೆ ಯಾವುದು? ಇಲಿಯ ಹೊಟ್ಟೆಯಲ್ಲಿರುವ ಸಂಖ್ಯೆ ಯಾವುದು? ಅಜ್ಜ-ಅಜ್ಜಿ ಒಂದು ಹಾಳೆಯಲ್ಲಿ, ಮೊಮ್ಮಕ್ಕಳು ಒಂದು ಹಾಳೆಯಲ್ಲಿ ಮಾಡಿ. ಯಾರು ಮೊದಲು ಮಾಡುತ್ತಾರೋ ಅವರಿಗೆ ಡಬ್ಬದಿಂದ ಒಂದು ಚಕ್ಕುಲಿ ಹೆಚ್ಚು. ಉತ್ತರ ಮುಂದಿನ ವಾರ.